ಸೂಜಿ ಎಸೆದ ಮೇಲೆ

ಇಂಜೆಕ್ಷನ್ ಚುಚ್ಚಿಸಿಕೊಂಡು, ಹತ್ತಿ ಒತ್ತಿ ಹಿಡಿದು, ಬಿಲ್ ಕಟ್ಟಿ ಆಸ್ಪತ್ರೆಯಿಂದ ಹೊರಗೆ ಬರುತ್ತೇವಲ್ಲ, ಆ ಸೂಜಿ ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ? ಮಾಡದಿದ್ದರೆ ಬೇಜಾರೇನಿಲ್ಲ. ಅದನ್ನು ಯೋಚಿಸೋದಕ್ಕೆ ಅಂತಲೇ ಸಂಬಳ ಕೊಟ್ಟು ಇಟ್ಟುಕೊಂಡಿರುವ ಜನ ದೊಡ್ಡ ಆಸ್ಪತ್ರೆಗಳಲ್ಲಿ ಒಬ್ಬರಿಬ್ಬರು ಇರುತ್ತಾರೆ. ನಾನು ಅಂಥವರಲ್ಲಿ ಒಬ್ಬಳು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಹೊಸದಾಗಿ ಸೇರಿದವರಿಗೆ, ಮತ್ತೆ ವರ್ಷಕ್ಕೊಂದು ಸಲ ಉಳಿದ ಎಲ್ಲರಿಗೂ, ಆಸ್ಪತ್ರೆಯ ಕಸವನ್ನು ಹೇಗೆ ಬೇರೆ ಮಾಡಬೇಕು ಅಂತ ಹೇಳಿಕೊಡೋದು ನನ್ನ ಕೆಲಸದ ಒಂದು ಭಾಗ. ಫ್ರೆಂಡ್ಸ್ ಎಲ್ಲ 'ಕಸದ ಮಿಸ್' ಅಂತ ಕಾಡಿಸುತ್ತಾರೆ.

ಈ ಪಾಠ ನನ್ನ ಇಷ್ಟಕ್ಕೆ ನಡೆಯುವುದಲ್ಲ, ಕಾನೂನಿನಲ್ಲೇ ಇದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಕಸ ಮುಟ್ಟುವ ಪ್ರತಿಯೊಬ್ಬ ಸಿಬ್ಬಂದಿಗೂ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೆ ಕಡಿಮೆ ಅಂದರೂ ಒಮ್ಮೆ ತರಬೇತಿ ಕೊಡಲೇಬೇಕು. ಎಷ್ಟು ಜನಕ್ಕೆ ಕೊಟ್ಟಿರಿ ಅನ್ನೋದರ ಜೊತೆಗೆ ಎಷ್ಟು ಜನಕ್ಕೆ ಕೊಟ್ಟಿಲ್ಲ ಅನ್ನೋದನ್ನೂ ವಾರ್ಷಿಕ ವರದಿಯಲ್ಲಿ ಬರೆಯಬೇಕು. ಹಾಗಾಗಿ ನನ್ನ ಹತ್ತಿರ ಒಂದು ಪ್ರೆಸೆಂಟೇಶನ್ ಇದೆ, ಒಂದು ಹಾಜರಿ ರಿಜಿಸ್ಟರ್ ಇದೆ, ಕೊನೆಗೆ ಹತ್ತು ಪ್ರಶ್ನೆಗಳ ಒಂದು ಸಣ್ಣ ಪರೀಕ್ಷೆಯೂ ಇದೆ.

ಪಾಠ ಬಹಳ ಸರಳ. ನಾಲ್ಕು ಬಣ್ಣ. ಹಳದಿ ಚೀಲಕ್ಕೆ ರಕ್ತ ಅಂಟಿದ ಹತ್ತಿ, ಬ್ಯಾಂಡೇಜ್, ಆಪರೇಶನ್‌ನಲ್ಲಿ ತೆಗೆದ ದೇಹದ ಭಾಗಗಳು, ಅವಧಿ ಮುಗಿದ ಔಷಧಿ; ಇದು ಬಹುತೇಕ ಸುಡುವುದಕ್ಕೆ ಹೋಗುತ್ತದೆ. ಕೆಂಪು ಚೀಲಕ್ಕೆ ಡ್ರಿಪ್ ಪೈಪು, ಮೂತ್ರದ ಚೀಲ, ಗ್ಲೌಸು, ಸೂಜಿ ತೆಗೆದ ಸಿರಿಂಜು, ಅಂದರೆ ಪ್ಲಾಸ್ಟಿಕ್ಕು. ಇದನ್ನು ಹಬೆಯಲ್ಲಿ ಬೇಯಿಸಿ ಸೋಂಕು ಕಳೆದು, ಚೂರು ಮಾಡಿ ಮರುಬಳಕೆಗೆ ಕಳಿಸುತ್ತಾರೆ. ಬಿಳಿ ಡಬ್ಬಿಗೆ ಸೂಜಿ, ಬ್ಲೇಡು, ಚುಚ್ಚುವಂಥದ್ದು ಕೊಯ್ಯುವಂಥದ್ದು ಎಲ್ಲ. ಆ ಡಬ್ಬಿ ತೂತು ಬೀಳದಷ್ಟು ಗಟ್ಟಿ ಇರಬೇಕು, ಸೋರಬಾರದು, ಒಮ್ಮೆ ಮುಚ್ಚಿದರೆ ಮತ್ತೆ ತೆಗೆಯೋದಕ್ಕೆ ಆಗಬಾರದು. ನೀಲಿ ಗುರುತಿನ ಡಬ್ಬಿಗೆ ಗಾಜು, ಔಷಧಿ ಬಾಟಲಿ, ದೇಹದೊಳಗೆ ಹಾಕುವ ಲೋಹದ ರಾಡು, ಪ್ಲೇಟು. ಉಳಿದ ಕಾಗದ, ಊಟದ ತಟ್ಟೆ, ಹಣ್ಣಿನ ಸಿಪ್ಪೆ ಎಲ್ಲ ನಮ್ಮ ಮನೆ ಕಸದ ಹಾಗೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆಸ್ಪತ್ರೆಯ ಕಸದಲ್ಲಿ ಸುಮಾರು ಶೇ. 85 ಭಾಗ ಇಂಥ ಸಾಧಾರಣ ಕಸವೇ. ಅಪಾಯಕಾರಿ ಆಗಿರೋದು ಶೇ. 15 ಮಾತ್ರ. ಆ 15ನ್ನು ಈ 85ರ ಜೊತೆ ಕಲಸಿಬಿಟ್ಟರೆ ಪೂರ್ತಿ ನೂರೂ ಅಪಾಯವೇ. ಹಾಗಾಗಿ ಹುಟ್ಟಿದ ಜಾಗದಲ್ಲೇ, ಅಂದರೆ ರೋಗಿಯ ಮಂಚದ ಪಕ್ಕದಲ್ಲೇ, ಕಸ ಬೇರೆ ಆಗಬೇಕು.

ಇಷ್ಟೇ ಪಾಠ. ಮುಕ್ಕಾಲು ಗಂಟೆ ಸಾಕು. ಪರೀಕ್ಷೆಯಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಹತ್ತಕ್ಕೆ ಎಂಟು, ಒಂಬತ್ತು ಬರುತ್ತೆ. ಹಾಗಿದ್ದರೂ ಮರುದಿನ ವಾರ್ಡ್ ಸುತ್ತುವಾಗ ಕೆಂಪು ಚೀಲದಲ್ಲಿ ಸೂಜಿ ಸಿಗುತ್ತೆ!

ನನ್ನ ತಲೆ ಕೆಡಿಸಿದ ವಿಷಯ ಇದೇ. ಗೊತ್ತಿಲ್ಲದೆ ತಪ್ಪು ಮಾಡಿದರೆ ಕಲಿಸಬಹುದು. ಗೊತ್ತಿದ್ದೂ ಮಾಡಿದರೆ ಏನು ಕಲಿಸೋದು?

ಇನ್ನೂ ಒಂದು ವಿಚಿತ್ರ ಇದೆ. ನಮ್ಮಲ್ಲಿ ಈ ನಾಲ್ಕು ಬಣ್ಣಗಳನ್ನು ತಪ್ಪಿಲ್ಲದೆ ಹೇಳುವವರು ಹೌಸ್‌ಕೀಪಿಂಗ್‌ನ ಆಯಾಗಳು. ಅವರಲ್ಲಿ ಕೆಲವರಿಗೆ ಓದೋದಕ್ಕೆ ಬರಲ್ಲ, ಪರೀಕ್ಷೆಯನ್ನು ಬಾಯಲ್ಲೇ ಕೇಳಿ ನಾನು ಗುರುತು ಹಾಕಿಕೊಳ್ಳುತ್ತೇನೆ. ಆದರೂ ಅವರೇ ಮುಂದು. ಯಾಕೆ ಅಂತ ಕೇಳಿದರೆ ಉತ್ತರ ಸುಲಭ. ಚೀಲದ ಬಾಯಿ ಕಟ್ಟೋದು ಅವರ ಕೈ. ಚೀಲವನ್ನು ಎತ್ತಿ ಗಾಡಿಗೆ ಹಾಕುವಾಗ ಅದು ತಾಗೋದು ಅವರ ಕಾಲಿಗೆ. ತಪ್ಪು ಚೀಲಕ್ಕೆ ಸೂಜಿ ಹಾಕಿದವರು ಅಷ್ಟು ಹೊತ್ತಿಗೆ ಮೂರನೇ ಮಹಡಿಗೆ ಹೋಗಿರುತ್ತಾರೆ, ಅಥವಾ ಡ್ಯೂಟಿ ಮುಗಿಸಿ ಮನೆ ಸೇರಿರುತ್ತಾರೆ. ಅಂದರೆ ತಪ್ಪು ಮಾಡುವವರಿಗೆ ಅದರಿಂದ ನೋವಿಲ್ಲ. ನೋವಾಗುವವರ ಕೈಯಲ್ಲಿ ತಪ್ಪನ್ನು ತಡೆಯುವ ಶಕ್ತಿ ಇಲ್ಲ. ಇವರಿಬ್ಬರೂ ಒಂದೇ ಕಟ್ಟಡದಲ್ಲಿ ಇದ್ದರೂ ಮುಖಾಮುಖಿ ಆಗುವುದೇ ಅಪರೂಪ.

ಮನೆಯಲ್ಲಿ ಹೀಗಿರಲ್ಲ ನೋಡಿ. ಈಳಿಗೆಮಣೆಯನ್ನು ಬಳಸಿದ ಮೇಲೆ ಅಡ್ಡ ಮಲಗಿಸಿ ಗೋಡೆಗೆ ಸರಿಸಿ ಇಡಬೇಕು ಅಂತ ನಮ್ಮ ಅಜ್ಜಿಯರಿಗೆ ಯಾರೂ ಟ್ರೈನಿಂಗ್ ಕೊಟ್ಟಿರಲಿಲ್ಲ. ಮಗು ತೆವಳಿಕೊಂಡು ಬರುತ್ತೆ ಅನ್ನೋದು ಕಣ್ಣ ಮುಂದೆ ಇತ್ತು. ಅಲ್ಲಿ ಎಚ್ಚರಿಕೆಗೂ ಪ್ರೀತಿಗೂ ವ್ಯತ್ಯಾಸವೇ ಇರಲಿಲ್ಲ. ಆದರೆ ಅದೇ ಅಜ್ಜಿಯರ ಕಾಲದಲ್ಲೇ ಇನ್ನೊಂದು ಅಭ್ಯಾಸವೂ ಇತ್ತು. ಕಾಲುದಾರಿಯಲ್ಲಿ ಜಾಲಿ ಮುಳ್ಳು ಬಿದ್ದಿದ್ದರೆ ಬಗ್ಗಿ ಎತ್ತಿ ಬೇಲಿಗೆ ಹಾಕಿ ಮುಂದೆ ಹೋಗೋದು. ಹಿಂದೆ ಯಾರು ಬರುತ್ತಾರೆ ಅನ್ನೋದು ಗೊತ್ತಿಲ್ಲ. ಬಂದವರಿಗೆ ಇವರು ಮುಳ್ಳು ಎತ್ತಿದ್ದು ಗೊತ್ತಾಗುವುದೂ ಇಲ್ಲ. ಥ್ಯಾಂಕ್ಸ್ ಹೇಳೋ ಪ್ರಶ್ನೆಯೇ ಇಲ್ಲ. ಈಳಿಗೆಮಣೆಯ ಎಚ್ಚರಿಕೆ ನಮ್ಮವರಿಗಾಗಿ. ಮುಳ್ಳಿನ ಎಚ್ಚರಿಕೆ ಯಾರೋ ಒಬ್ಬರಿಗಾಗಿ. ಆಸ್ಪತ್ರೆ ನಮ್ಮಿಂದ ಕೇಳೋದು ಎರಡನೆಯ ತರಹದ್ದನ್ನು. ಅದನ್ನು ನಾಲ್ಕು ಬಣ್ಣದ ಚಾರ್ಟ್ ತೋರಿಸಿ ಕಲಿಸೋದಕ್ಕೆ ಆಗುತ್ತಾ?

ಅಷ್ಟು ದೊಡ್ಡದು ಮಾಡುವಂಥದ್ದೇನಿದೆ, ಒಂದು ಸೂಜಿ ತಾನೇ ಅಂತ ಅನ್ನಿಸಬಹುದು. ಲೆಕ್ಕ ಹೇಳುತ್ತೇನೆ. ಸೋಂಕಿರುವ ರೋಗಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಒಮ್ಮೆ ಚುಚ್ಚಿದರೆ ರೋಗ ಹತ್ತುವ ಸಾಧ್ಯತೆ ಹೆಪಟೈಟಿಸ್ ಬಿ ಆದರೆ ಶೇ. 30ರವರೆಗೆ, ಹೆಪಟೈಟಿಸ್ ಸಿ ಆದರೆ ಶೇ. 1.8, ಎಚ್‌ಐವಿ ಆದರೆ ಶೇ. 0.3. ಇದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಅಂಕಿ. ಎಚ್‌ಐವಿ ಅಂದ ಕೂಡಲೇ ನಾವೆಲ್ಲ ಬೆಚ್ಚಿ ಬೀಳುತ್ತೇವೆ. ಆದರೆ ನಿಜವಾಗಿ ಹೆದರಬೇಕಾದದ್ದು ಹೆಪಟೈಟಿಸ್ ಬಿಗೆ. ಆ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಜೀವ ಹಿಡಿದುಕೊಂಡು ಇರಬಲ್ಲದು. ಸಮಾಧಾನದ ವಿಷಯ ಅಂದರೆ ಅದಕ್ಕೆ ಒಳ್ಳೆಯ ಲಸಿಕೆ ಇದೆ. ಆ ಲಸಿಕೆಯ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಡಾಕ್ಟರಿಗೋ ಸಿಸ್ಟರಿಗೋ ಸೂಜಿ ಚುಚ್ಚಿದರೆ ಅದು ಯಾವ ರೋಗಿಯ ಸೂಜಿ ಅಂತ ಸಾಮಾನ್ಯವಾಗಿ ಗೊತ್ತಿರುತ್ತೆ. ರೋಗಿಯ ರಕ್ತ ಪರೀಕ್ಷೆ ಮಾಡಿಸುತ್ತಾರೆ, ವರದಿ ಬರುತ್ತೆ, ಏನೂ ಇಲ್ಲ ಅಂದರೆ ಅವತ್ತು ರಾತ್ರಿ ನಿದ್ದೆ ಬರುತ್ತೆ. ಚೀಲದೊಳಗಿನ ಸೂಜಿ ಹಾಗಲ್ಲ. ಅದು ಯಾರದ್ದು? ವಾರ್ಡಿನ ಇಪ್ಪತ್ತು ಮಂಚಗಳಲ್ಲಿ ಯಾವ ಮಂಚದ್ದು? ಯಾರಿಗೂ ಗೊತ್ತಿರಲ್ಲ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ನುಂಗಬೇಕು. ತೆಗೆದುಕೊಳ್ಳಬೇಕೋ ಬೇಡವೋ ಅನ್ನೋದನ್ನು ಗೊತ್ತಿಲ್ಲದ ರಕ್ತವನ್ನು ಊಹೆ ಮಾಡಿ ತೀರ್ಮಾನಿಸಬೇಕು. ಆಮೇಲೆ ತಿಂಗಳುಗಟ್ಟಲೆ ಮತ್ತೆ ಮತ್ತೆ ರಕ್ತ ಪರೀಕ್ಷೆ. ಅಷ್ಟು ದಿನ ಗಂಡನಿಗೆ ಏನು ಹೇಳೋದು, ಮಗುವಿಗೆ ಹಾಲು ಕುಡಿಸಬಹುದಾ ಅನ್ನುವ ಪ್ರಶ್ನೆಗಳು. ಒಂದೇ ಸೂಜಿ, ಒಂದೇ ಗಾಯ. ಆದರೂ ಚುಚ್ಚಿಸಿಕೊಂಡವರು ಯಾರು ಅನ್ನೋದರ ಮೇಲೆ ಅದು ಬೇರೆ ಬೇರೆ ಗಾಯ ಆಗಿಬಿಡುತ್ತೆ.

ಕಾನೂನಿನ ಕಣ್ಣಿಗೆ ಇದು ಹೇಗೆ ಕಾಣುತ್ತೆ ಅಂತ ಹುಡುಕಿದಾಗ ಒಂದು ಸಾಲು ನನ್ನನ್ನು ನಿಲ್ಲಿಸಿತು. ಅದೇ 2016ರ ನಿಯಮಗಳಲ್ಲಿ 'ದೊಡ್ಡ ಅಪಘಾತ' ಅನ್ನೋದಕ್ಕೆ ಒಂದು ವ್ಯಾಖ್ಯೆ ಇದೆ. ತ್ಯಾಜ್ಯ ಸಾಗಿಸುವ ಲಾರಿ ಮಗುಚಿದರೆ, ಕೆರೆಗೋ ಹೊಳೆಗೋ ತ್ಯಾಜ್ಯ ಸೇರಿದರೆ ಅದು ದೊಡ್ಡ ಅಪಘಾತ. ಸೂಜಿ ಚುಚ್ಚುವುದು ಇದರಲ್ಲಿ ಬರುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಇದರ ಹಿಂದಿನ ತರ್ಕ ನನಗೆ ಅರ್ಥ ಆಗುತ್ತೆ. ಸಾವಿರಾರು ಜನಕ್ಕೆ ತೊಂದರೆ ಆಗಬಹುದಾದ್ದನ್ನು ಬೇರೆ ಇಡಬೇಕು, ಇಲ್ಲದಿದ್ದರೆ ಸರ್ಕಾರಕ್ಕೆ ದಿನಾ ಸಾವಿರ ಕಾಗದ ಹೋಗುತ್ತೆ. ಅದು ಆಡಳಿತದ ಲೆಕ್ಕ, ಸರಿ. ಆದರೆ ಆ ಒಬ್ಬಳ ಜೀವನದಲ್ಲಿ ಅದಕ್ಕಿಂತ ದೊಡ್ಡ ಅಪಘಾತ ಇನ್ನೇನು ಇರೋದಕ್ಕೆ ಸಾಧ್ಯ?

ಇನ್ನು ಇನ್ನೊಂದು ಕಡೆಯವರ ಮಾತನ್ನೂ ಕೇಳೋಣ. ಒಂದು ಸೆಶನ್‌ನಲ್ಲಿ ಒಬ್ಬ ಜೂನಿಯರ್ ಡಾಕ್ಟರ್ ಎದ್ದು ನಿಂತು ನೇರವಾಗಿ ಕೇಳಿದ. "ಮೇಡಂ, ಎಮರ್ಜೆನ್ಸಿಯಲ್ಲಿ ಒಬ್ಬರ ಹಾರ್ಟ್ ನಿಂತಿರುತ್ತೆ. ಒಬ್ಬರು ಎದೆ ಒತ್ತುತ್ತಾ ಇರ್ತಾರೆ, ಇನ್ನೊಬ್ಬರು ಲೈನ್ ಹಾಕ್ತಾ ಇರ್ತಾರೆ. ಆಗ ನಾನು ಪೇಷೆಂಟ್‌ನ ಉಳಿಸ್ಲಾ, ಬಿಳಿ ಡಬ್ಬಿ ಎಲ್ಲಿದೆ ಅಂತ ಹುಡುಕ್ಲಾ?"

ಕೋಣೆಯಲ್ಲಿ ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಉಡಾಫೆಯದ್ದಾಗಿರಲಿಲ್ಲ. ಎದುರಿಗೆ ಸಾಯುತ್ತಿರುವ ಮನುಷ್ಯ ಒಬ್ಬ, ಎಲ್ಲೋ ಮುಂದೆ ಚುಚ್ಚಿಸಿಕೊಳ್ಳಬಹುದಾದ ಮನುಷ್ಯಳು ಇನ್ನೊಬ್ಬಳು. ಎದುರಿಗಿರುವವನನ್ನು ಆರಿಸಿಕೊಳ್ಳೋದರಲ್ಲಿ ತಪ್ಪೇನು? ನಾನು ಹೇಳಿದ್ದು ಇಷ್ಟೇ. ನೀವು ಹುಡುಕಬೇಕಾಗಿ ಬಂದಿದೆ ಅಂದರೆ ಅಲ್ಲೇ ಏನೋ ಎಡವಟ್ಟಾಗಿದೆ. ಡಬ್ಬಿ ನಿಮ್ಮ ಟ್ರಾಲಿಯ ಮೇಲೆ, ಕೈ ಚಾಚಿದರೆ ಸಿಗುವ ಹಾಗೆ ಇರಬೇಕಿತ್ತು. ಪಕ್ಕದಲ್ಲೇ ಸೂಜಿ ಕತ್ತರಿಸುವ ಕಟರ್ ಇರಬೇಕಿತ್ತು. ಸೂಜಿಗೆ ಮತ್ತೆ ಮುಚ್ಚಳ ಹಾಕೋದಕ್ಕೆ ಹೋಗಬೇಡಿ ಅಂತ ಹೇಳುವುದೂ ಇದಕ್ಕೇ. ಮುಚ್ಚಳ ಹಾಕುವಾಗಲೇ ಎಷ್ಟೋ ಜನ ಚುಚ್ಚಿಕೊಳ್ಳುತ್ತಾರೆ. ಸರಿಯಾದದ್ದನ್ನು ಮಾಡೋದು ತಪ್ಪು ಮಾಡೋದಕ್ಕಿಂತ ಸುಲಭ ಆಗುವ ಹಾಗೆ ಜಾಗವನ್ನು ಜೋಡಿಸಬೇಕು. ಹಾಗೆ ಜೋಡಿಸಬೇಕಾದವರು ನೀವಲ್ಲ, ಆಸ್ಪತ್ರೆ.

ಇದನ್ನು ಹೇಳಿ ಬಂದ ಮೇಲೆ ನನ್ನೊಳಗೇ ಒಂದು ವಾದ ಶುರುವಾಯಿತು. ಡಬ್ಬಿ ಕೈಗೆ ಸಿಕ್ಕಿದ್ದಕ್ಕೆ ಸರಿಯಾಗಿ ಹಾಕಿದ ಅಂದರೆ ಅದು ಒಳ್ಳೆಯತನವಾ? ಅಥವಾ ಬರೀ ಅನುಕೂಲವಾ? ದಾರಿಯ ಮುಳ್ಳನ್ನು ಬಗ್ಗಿ ಎತ್ತೋದಕ್ಕೂ ಮುಳ್ಳೇ ಬೀಳದ ಹಾಗೆ ಸಿಮೆಂಟ್ ರಸ್ತೆ ಮಾಡೋದಕ್ಕೂ ವ್ಯತ್ಯಾಸ ಇಲ್ಲವಾ? ಕೊನೆಗೆ ನನಗೆ ಅನ್ನಿಸಿದ್ದು, ಆಯಾಳ ಬೆರಳಿಗೆ ಈ ವಾದ ಸಂಬಂಧ ಇಲ್ಲ. ಅವಳಿಗೆ ಚುಚ್ಚಬಾರದು, ಅಷ್ಟೇ. ಡಾಕ್ಟರ ಮನಸ್ಸು ಎಷ್ಟು ಶುದ್ಧ ಅನ್ನೋದಕ್ಕಿಂತ ಡಬ್ಬಿ ಎಷ್ಟು ಹತ್ತಿರ ಇದೆ ಅನ್ನೋದೇ ಅವಳಿಗೆ ಮುಖ್ಯ. ಆದರೂ ಬರೀ ಜೋಡಣೆಯಿಂದ ಪೂರ್ತಿ ಕೆಲಸ ಆಗಲ್ಲ ಅನ್ನೋದನ್ನೂ ದಿನಾ ನೋಡುತ್ತೇನೆ. ಮುಕ್ಕಾಲು ತುಂಬಿದ ಕೂಡಲೇ ಡಬ್ಬಿ ಮುಚ್ಚಬೇಕು ಅನ್ನೋದು ಪದ್ಧತಿ. ತುಂಬಿದ ಡಬ್ಬಿಗೆ ಇನ್ನೊಂದು ತುರುಕೋಣ ಅಂತ ಒತ್ತುವ ಕೈಯನ್ನು ಯಾವ ಡಿಸೈನೂ ತಡೆಯಲ್ಲ. ಅಲ್ಲಿ ಆ ಕೈಗೆ ಇನ್ನೊಂದು ಕೈಯ ನೆನಪು ಬರಬೇಕು.

ಆ ನೆನಪನ್ನು ನಮ್ಮ ತರಬೇತಿ ಕೊಡುತ್ತಾ? ಹಾಜರಿ ರಿಜಿಸ್ಟರ್ ತೆಗೆದು ನೋಡಿದರೆ ಉತ್ತರ ಸಿಗುತ್ತೆ. ಮುಂದಿನ ಸಾಲುಗಳಲ್ಲಿ ಕೂತು ಪೂರ್ತಿ ಕೇಳಿದವರು ಆಯಾಗಳು, ವಾರ್ಡ್ ಬಾಯ್‌ಗಳು, ಹೊಸ ಸಿಸ್ಟರ್‌ಗಳು. ದೊಡ್ಡ ಡಾಕ್ಟರುಗಳ ಸಹಿ ರಿಜಿಸ್ಟರ್‌ನಲ್ಲಿ ಇರುತ್ತೆ, ಕುರ್ಚಿ ಖಾಲಿ ಇರುತ್ತೆ. ಸಹಿಗೆ ಪುಸ್ತಕವೇ ಅವರ ರೂಮಿಗೆ ಹೋಗಿ ಬಂದಿರುತ್ತೆ. ಇದು ನಮ್ಮಲ್ಲಿ ಮಾತ್ರ ಅಲ್ಲ, ಈ ಕೆಲಸದಲ್ಲಿರುವ ಯಾರನ್ನು ಕೇಳಿದರೂ ನಗುತ್ತಾರೆ. ಕಸ ಹುಟ್ಟಿಸುವವರಿಗೆ ಪಾಠ ತಪ್ಪುತ್ತೆ, ಕಸ ಹೊರುವವರಿಗೆ ಪಾಠ ಮತ್ತೆ ಮತ್ತೆ ಆಗುತ್ತೆ. ಹೊರುವವರಿಗೆ ನಾವು ಕಲಿಸೋದಾದರೂ ಏನನ್ನು? ಗ್ಲೌಸ್ ಹಾಕಿಕೊಳ್ಳಿ, ಬೂಟು ಹಾಕಿಕೊಳ್ಳಿ, ಚೀಲವನ್ನು ಮೈಗೆ ತಾಗಿಸಬೇಡಿ, ಕೈಯಿಂದ ಒತ್ತಬೇಡಿ. ಅಂದರೆ ಬೇರೆಯವರ ತಪ್ಪಿನಿಂದ ತಪ್ಪಿಸಿಕೊಳ್ಳೋದು ಹೇಗೆ ಅಂತ. ಇದು ಬೇಕು, ಬೇಡ ಅನ್ನಲ್ಲ. ಆದರೆ ಇದಕ್ಕೊಂದು ಕೆಟ್ಟ ಅಡ್ಡ ಪರಿಣಾಮ ಇದೆ. ತಪ್ಪಿಸಿಕೊಳ್ಳೋದನ್ನು ಕಲಿಸಿದ ಮೇಲೂ ಚುಚ್ಚಿದರೆ ತಪ್ಪು ಅವಳದ್ದೇ ಆಗಿಬಿಡುತ್ತೆ. ಚುಚ್ಚಿದ್ದನ್ನು ಎರಡು ದಿನ ಮುಚ್ಚಿಟ್ಟಿದ್ದ ಒಬ್ಬ ಆಯಾಳನ್ನು ಯಾಕಮ್ಮ ಹೇಳಲಿಲ್ಲ ಅಂತ ಕೇಳಿದೆ. "ಹೇಳಿದ್ರೆ ಏನಂತಾರೆ ಮೇಡಂ? ಗ್ಲೌಸ್ ಹಾಕ್ಕೊಂಡಿರ್ಲಿಲ್ವಾ ಅಂತ ನನ್ನನ್ನೇ ಬೈತಾರೆ" ಅಂದಳು. ಗ್ಲೌಸ್ ಹಾಕಿಕೊಂಡೇ ಇದ್ದಳು. ತೆಳ್ಳಗಿನ ರಬ್ಬರು ಸೂಜಿಯನ್ನು ತಡೆಯುತ್ತಾ? ಚೀಲದ ಜೊತೆ ಅದರೊಳಗಿನ ತಪ್ಪನ್ನೂ ಕೆಳಗಿನವರೇ ಹೊತ್ತುಕೊಂಡು ಹೋಗಬೇಕು ಅಂತ ಎಲ್ಲರೂ ಒಪ್ಪಿಕೊಂಡಂತಿದೆ.

ಈಗ ಲಸಿಕೆಯ ವಿಚಾರ. ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು ಅನ್ನೋದೂ ಅದೇ ನಿಯಮಗಳಲ್ಲಿದೆ. ಹೆಪಟೈಟಿಸ್ ಬಿಗೆ ಮೂರು ಡೋಸ್. ಇವತ್ತು ಒಂದು, ಒಂದು ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು. ಹೌಸ್‌ಕೀಪಿಂಗ್ ಸಾಮಾನ್ಯವಾಗಿ ಗುತ್ತಿಗೆ. ಜನ ಏಜೆನ್ಸಿಯವರು, ಆಸ್ಪತ್ರೆಯವರಲ್ಲ. ಮೂರು ತಿಂಗಳು ಇಲ್ಲಿ, ಆಮೇಲೆ ಏಜೆನ್ಸಿ ಎಲ್ಲಿ ಹಾಕಿದರೆ ಅಲ್ಲಿ. ಮಾಲ್, ಐಟಿ ಪಾರ್ಕ್, ಇನ್ನೊಂದು ಆಸ್ಪತ್ರೆ. ಮೂರನೇ ಡೋಸಿನ ದಿನ ಬರುವಷ್ಟರಲ್ಲಿ ಹುಡುಗಿ ಇರಲ್ಲ. ಹೊಸ ಜಾಗದಲ್ಲಿ ಅವಳ ಕಾರ್ಡ್ ಯಾರೂ ಕೇಳಲ್ಲ, ಅಥವಾ ಮತ್ತೆ ಒಂದನೇ ಡೋಸ್‌ನಿಂದ ಶುರು ಮಾಡುತ್ತಾರೆ. ಇಲ್ಲಿ ಕೆಟ್ಟವರು ಯಾರೂ ಕಾಣಲ್ಲ ನೋಡಿ. ಆಸ್ಪತ್ರೆ ಡೋಸ್ ಹಾಕಿಸೋದಕ್ಕೆ ರೆಡಿ ಇತ್ತು, ಏಜೆನ್ಸಿ ವರ್ಗ ಮಾಡಿತು, ಹುಡುಗಿ ಹೋದಳು. ಲಸಿಕೆಯ ಲೆಕ್ಕ ಆರು ತಿಂಗಳದ್ದು, ಅವಳ ನೌಕರಿಯ ಲೆಕ್ಕ ಮೂರು ತಿಂಗಳದ್ದು. ಈ ಎರಡು ಕ್ಯಾಲೆಂಡರುಗಳನ್ನು ಹೊಂದಿಸೋದು ಯಾರ ಕೆಲಸ ಅಂತ ಯಾವ ಕಾಂಟ್ರ್ಯಾಕ್ಟಿನಲ್ಲೂ ನಾನು ಓದಿಲ್ಲ. ಆದರೆ ನಿಯಮ ಹೊಣೆ ಹೊರಿಸಿರೋದು ಆಸ್ಪತ್ರೆಯ ಮೇಲೆ, ಏಜೆನ್ಸಿ ಮೇಲಲ್ಲ. ಸಂಬಳದ ಚೀಟಿ ಯಾರದ್ದಾದರೂ ಆಗಿರಲಿ, ಮುಟ್ಟುವ ಕಸ ನಮ್ಮದು.

ಈ ಹುಡುಗಿಯರು ಯಾರು, ಯಾವ ಕೇರಿಯಿಂದ ಬರುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಿದರು. ಇಡೀ ದೇಶಕ್ಕೆ ಆ ಕಾನೂನು ಬಂದದ್ದು 1993ರಲ್ಲಿ, ಆಮೇಲೆ ಮತ್ತೆ 2013ರಲ್ಲಿ. ನಮಗೆ ಹೆಮ್ಮೆ ಪಡೋದಕ್ಕೆ ಕಾರಣ ಇದೆ. ಆದರೆ ಬುಟ್ಟಿ ಹೋದರೂ, ನಾನು ಬಿಟ್ಟದ್ದನ್ನು ಎತ್ತೋದಕ್ಕೆ ಯಾರೋ ಇದ್ದೇ ಇರುತ್ತಾರೆ ಅನ್ನುವ ನಂಬಿಕೆ ಹೋಗಿಲ್ಲ. ಅದಕ್ಕೆ ಯೂನಿಫಾರ್ಮು, ಬಾರ್‌ಕೋಡು, ಬಣ್ಣದ ಚೀಲ ಬಂದಿವೆ. ನೋಡೋದಕ್ಕೆ ನೀಟಾಗಿದೆ. ಇನ್ನು ಕೆಲವರು ಇಂಥ ಸೆಶನ್‌ಗಳಲ್ಲಿ ಕಾಯಕದ ಬಗ್ಗೆ ಒಳ್ಳೊಳ್ಳೆ ಮಾತಾಡುತ್ತಾರೆ. ಯಾವ ಕೆಲಸವೂ ಕೀಳಲ್ಲ, ಎಲ್ಲ ಒಂದೇ ಅಂತ. ಮಾತು ನಿಜವೇ. ಆದರೆ ಮೂರನೇ ಡೋಸ್ ಸಿಗದವಳ ಮುಂದೆ ನಿಂತು ಅದನ್ನು ಹೇಳೋದಕ್ಕೆ ನನಗೆ ನಾಲಿಗೆ ಏಳಲ್ಲ.

ತರಬೇತಿಯಲ್ಲಿ ಭಯ ಹುಟ್ಟಿಸುವ ಇನ್ನೊಂದು ದಾರಿಯೂ ಇದೆ. 2009ರಲ್ಲಿ ಗುಜರಾತಿನ ಮೊಡಾಸಾ ಊರಿನ ಸುತ್ತಮುತ್ತ ಹೆಪಟೈಟಿಸ್ ಬಿ ಹರಡಿ ಹತ್ತಾರು ಜನ ಸತ್ತರು. ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದು ಅದಕ್ಕೆ ಕಾರಣ ಅಂತ ಗೊತ್ತಾಯಿತು. ಈ ಕಥೆ ಹೇಳಿ, ನೀವು ಸರಿಯಾಗಿ ನಾಶ ಮಾಡದೆ ಬಿಟ್ಟ ಸಿರಿಂಜು ನಾಳೆ ನಿಮ್ಮ ಮಗುವಿಗೇ ಚುಚ್ಚಬಹುದು ಅಂತ ಹೆದರಿಸಬಹುದು. ಜನ ಮೈ ಕೊಡವಿಕೊಂಡು ಕೇಳುತ್ತಾರೆ. ಮೊಡಾಸಾದ ಕಥೆಯನ್ನು ನಾನೂ ಹೇಳುತ್ತೇನೆ, ಆದರೆ ಆ ಕೊನೆಯ ಮಾತನ್ನು ಬಿಟ್ಟು. ಅದು ಸುಳ್ಳು ಅಂತ ಅಲ್ಲ. ನನಗೇ ತಿರುಗಿ ಬರುತ್ತೆ ಅಂತ ಹೆದರಿ ಸರಿ ಮಾಡಿದವರು, ತಿರುಗಿ ಬರಲ್ಲ ಅಂತ ಗೊತ್ತಾದ ದಿನ ಬಿಟ್ಟುಬಿಡುತ್ತಾರೆ. ನಿಜ ಹೇಳಬೇಕು ಅಂದರೆ ಬಹಳಷ್ಟು ಸಲ ಅದು ತಿರುಗಿ ಬರುವುದೇ ಇಲ್ಲ. ಸೂಜಿ ಎಸೆದ ಡಾಕ್ಟರ್ ಆರೋಗ್ಯವಾಗಿಯೇ ನಿವೃತ್ತರಾಗುತ್ತಾರೆ. ಹಾಗಾಗಿ ನಮಗೆ ಯಾವ ನಷ್ಟವೂ ಇಲ್ಲದಿದ್ದಾಗಲೂ ನಿಲ್ಲುವಂಥ ಕಾರಣ ಬೇಕು. ಅಂಥದ್ದು ನನಗೆ ಸಿಕ್ಕಿರೋದು ಒಂದೇ, ಅದೂ ತೀರಾ ಸಾಧಾರಣವಾದದ್ದು. ಅವಳಿಗೂ ನನಗಿರುವಂಥದೇ ಬೆರಳು ಇದೆ.

ಇದನ್ನು ಸ್ಲೈಡ್ ಮಾಡಿ ತೋರಿಸೋದಕ್ಕೆ ಆಗಲ್ಲ. ಆದರೆ ಆಸ್ಪತ್ರೆಯ ಕೆಲಸದಲ್ಲಿ ಅದಕ್ಕೊಂದು ಜಾಗ ಮಾಡಿಕೊಡಬಹುದು. ನಿಯಮಗಳಲ್ಲೇ ಒಂದು ಸುಳಿವು ಇದೆ. ಆಸ್ಪತ್ರೆಗಳಿಂದ ಕಸ ತೆಗೆದುಕೊಂಡು ಹೋಗುವ ಸಂಸ್ಕರಣಾ ಘಟಕದವರು, ಯಾವ ಆಸ್ಪತ್ರೆ ಕಸ ಬೇರೆ ಮಾಡಿ ಕೊಡುತ್ತಿಲ್ಲವೋ ಅದನ್ನು ಕೂಡಲೇ ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸಬೇಕು. ಅಂದರೆ ಗೇಟಿನ ಹೊರಗೆ ನಿಂತ ಲಾರಿಗೆ ನಮ್ಮ ಮೇಲೆ ದೂರು ಹೇಳುವ ಬಾಯಿ ಇದೆ. ಗೇಟಿನ ಒಳಗೆ ಅದೇ ಚೀಲವನ್ನು ನಾಲ್ಕು ಮಹಡಿ ಇಳಿಸಿದವಳಿಗೆ ಆ ಬಾಯಿ ಇಲ್ಲ. ಲಾರಿಗೆ ಕೊಟ್ಟದ್ದನ್ನು ಅವಳಿಗೂ ಕೊಟ್ಟರೆ?

ನಮ್ಮ ಒಂದು ವಾರ್ಡಿನಲ್ಲಿ ಇದನ್ನು ಮಾಡಿ ನೋಡಿದೆವು. ಚೀಲದಲ್ಲಿ ಸೂಜಿಯೋ ಗಾಜೋ ಕಂಡರೆ ಆಯಾ ಅದನ್ನು ಎತ್ತುವ ಹಾಗಿಲ್ಲ. ಒಂದು ಕೆಂಪು ಟ್ಯಾಗ್ ಕಟ್ಟಿ ಅಲ್ಲೇ ಬಿಡಬೇಕು. ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಮತ್ತು ಆ ಪಾಳಿಯ ಡಾಕ್ಟರ್ ಬಂದು ಇಕ್ಕಳದಲ್ಲಿ ಸೂಜಿ ತೆಗೆದು ಸರಿಯಾದ ಡಬ್ಬಿಗೆ ಹಾಕಿ, ಸಹಿ ಮಾಡಿದ ಮೇಲೇ ಚೀಲ ಹೊರಡೋದು. ಮೊದಲ ವಾರ ಯಾರೂ ಟ್ಯಾಗ್ ಕಟ್ಟಲಿಲ್ಲ. ಡಾಕ್ಟರ್ ಮುಂದೆ ಚೀಲ ಬಿಟ್ಟು ಹೋಗೋದಾ, ಆಮೇಲೆ ಕೆಲಸ ಹೋದರೆ ಅಂತ ಹೆದರಿಕೆ. ಇನ್‌ಚಾರ್ಜ್ ಸಿಸ್ಟರ್ ತಾವೇ ಮುಂದೆ ನಿಂತು ಮೊದಲ ಟ್ಯಾಗ್ ಕಟ್ಟಿಸಿದರು. ಆಮೇಲೆ ಒಂದೊಂದೇ ಶುರುವಾಯಿತು. ಚುಚ್ಚಿಸಿಕೊಂಡವರೂ ಬಂದು ಹೇಳತೊಡಗಿದರು. ತಿಂಗಳ ಕೊನೆಗೆ ನನ್ನ ವರದಿಯಲ್ಲಿ ಆ ವಾರ್ಡಿನ ಸಂಖ್ಯೆ ಎಲ್ಲಕ್ಕಿಂತ ಕೆಟ್ಟದಾಗಿ ಕಂಡಿತು! ಮೀಟಿಂಗ್‌ನಲ್ಲಿ "ಟ್ರೈನಿಂಗ್ ಜಾಸ್ತಿ ಮಾಡಿದ ಮೇಲೆ ಗಾಯವೂ ಜಾಸ್ತಿ ಆಯ್ತಲ್ಲ?" ಅಂತ ಕೇಳಿದರು. ಗಾಯ ಜಾಸ್ತಿ ಆಗಿಲ್ಲ ಸರ್, ಮೊದಲು ಕಾಣ್ತಿರಲಿಲ್ಲ, ಈಗ ಕಾಣ್ತಿದೆ ಅಂತ ವಿವರಿಸೋದಕ್ಕೆ ಅರ್ಧ ಗಂಟೆ ಬೇಕಾಯಿತು. ಪೂರ್ತಿ ಒಪ್ಪಿದರು ಅಂತ ಹೇಳಲಾರೆ. ಉಳಿದ ವಾರ್ಡುಗಳಿಗೆ ವಿಸ್ತರಿಸುವ ಫೈಲು ಇನ್ನೂ ಮೇಜಿನ ಮೇಲೇ ಇದೆ. ಆದರೆ ಆ ವಾರ್ಡಿನಲ್ಲಿ ಒಂದು ಬದಲಾವಣೆ ನನ್ನ ಕಣ್ಣಿಗೆ ಬಿತ್ತು. ಇಕ್ಕಳ ಹಿಡಿದು ಚೀಲದ ಬಾಯಿ ಬಿಚ್ಚಿ, ಉಸಿರು ಬಿಗಿಹಿಡಿದು ಸೂಜಿ ಹುಡುಕಿದ ಡಾಕ್ಟರುಗಳಿಗೆ ನಾಲ್ಕು ಬಣ್ಣದ ಪಾಠ ಮತ್ತೆ ಹೇಳಬೇಕಾಗಿ ಬರಲಿಲ್ಲ.

ಇಷ್ಟು ಓದಿದ ನೀವು ಆಸ್ಪತ್ರೆಯಲ್ಲಿ ಕೆಲಸ ಮಾಡದೇ ಇರಬಹುದು. ಆದರೆ ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಸಕ್ಕರೆ ಕಾಯಿಲೆ ಇದ್ದರೆ ದಿನಾ ಇನ್ಸುಲಿನ್ ಸೂಜಿ, ಬೆರಳು ಚುಚ್ಚಿ ಶುಗರ್ ನೋಡುವ ಸೂಜಿ ಎರಡೂ ನಿಮ್ಮ ಡಸ್ಟ್‌ಬಿನ್‌ಗೆ ಬೀಳುತ್ತವೆ. ಆಸ್ಪತ್ರೆಯಲ್ಲಿ ಇಷ್ಟೆಲ್ಲ ನಿಯಮ ಇರುವ ವಸ್ತು ಮನೆಗೆ ಬಂದ ಕೂಡಲೇ ಸಾಧು ಆಗಿಬಿಡಲ್ಲ. 2016ರಲ್ಲಿ ಬಂದ ಘನತ್ಯಾಜ್ಯ ನಿಯಮಗಳು ಮನೆಯ ಸೂಜಿ, ಸಿರಿಂಜು, ಅವಧಿ ಮುಗಿದ ಮಾತ್ರೆಗಳನ್ನು ಅಪಾಯಕಾರಿ ಮನೆ ಕಸ ಅಂತ ಬೇರೆಯೇ ಪಟ್ಟಿಗೆ ಹಾಕಿದವು. ಆದರೆ ಮನೆಯವರಿಗೆ ಪಾಠ ಹೇಳುವವರಿಲ್ಲ, ಪರೀಕ್ಷೆ ಇಲ್ಲ, ರಿಜಿಸ್ಟರ್ ಇಲ್ಲ. ಬೆಳಿಗ್ಗೆ ಗಾಡಿ ತರುವ ಪೌರಕಾರ್ಮಿಕರು ನಿಮ್ಮ ಕಣ್ಣೆದುರೇ ಆ ಬಕೆಟ್ಟಿಗೆ ಕೈ ಹಾಕುತ್ತಾರೆ. ಸ್ಯಾನಿಟರಿ ಪ್ಯಾಡುಗಳನ್ನು ಪೇಪರಿನಲ್ಲಿ ಸುತ್ತಿ ಕೆಂಪು ಚುಕ್ಕೆ ಹಾಕಿ ಕೊಡುವ ಅಭ್ಯಾಸ ಈ ಊರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಬಂದಿದೆ. ಆ ಚುಕ್ಕೆ ಇರೋದು ಕಸ ಬೇರೆ ಮಾಡುವ ಕೈಗಳಿಗೆ ತೆರೆಯದೇ ಗೊತ್ತಾಗಲಿ ಅಂತ. ಸೂಜಿಗೂ ಅಷ್ಟೇ ಮಾಡಿದರೆ ಸಾಕು. ತಿರುಗಿಸಿ ಮುಚ್ಚುವ ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಒಂದಿಡಿ, ಡಿಟರ್ಜೆಂಟ್ ಲಿಕ್ವಿಡ್‌ನದ್ದು ಆದರೂ ಆಯ್ತು. ಸೂಜಿಗಳನ್ನು ಅದರೊಳಗೇ ಹಾಕಿ. ಮುಕ್ಕಾಲು ತುಂಬಿದ ಮೇಲೆ ಟೇಪ್ ಸುತ್ತಿ, ಮೇಲೆ 'ಸೂಜಿ ಇದೆ' ಅಂತ ಕನ್ನಡದಲ್ಲೇ ದೊಡ್ಡದಾಗಿ ಬರೆಯಿರಿ. ನಿಮ್ಮ ಡಾಕ್ಟರ ಕ್ಲಿನಿಕ್‌ನಲ್ಲಿ ತೆಗೆದುಕೊಳ್ಳುತ್ತಾರಾ ಕೇಳಿ. ಇಲ್ಲ ಅಂದರೆ ಪೌರಕಾರ್ಮಿಕರಿಗೆ ಬಾಯಿಬಿಟ್ಟು ಹೇಳಿ ಕೈಗೇ ಬೇರೆಯಾಗಿ ಕೊಡಿ.

ಹಾಗೇ ಮುಂದಿನ ಸಲ ಲ್ಯಾಬಿನಲ್ಲಿ ರಕ್ತ ಕೊಡುವಾಗ, ಸೂಜಿ ಹೊರಗೆ ಬಂದ ಕೂಡಲೇ ಮುಖ ಆ ಕಡೆ ತಿರುಗಿಸಿಕೊಳ್ಳಬೇಡಿ. ಅದು ಯಾವ ಡಬ್ಬಿಗೆ ಹೋಯ್ತು ಅಂತ ನೋಡಿ. ಡಬ್ಬಿ ಕಾಣದಿದ್ದರೆ ಎಲ್ಲಿದೆ ಅಂತ ಕೇಳಿ. ಅಲ್ಲಿರುವ ಸಿಸ್ಟರ್ ಬೇಜಾರು ಮಾಡಿಕೊಳ್ಳಲ್ಲ. ಮಾಡಿಕೊಂಡರೂ ಪರವಾಗಿಲ್ಲ, ಕೇಳಿ.